ದೊಡ್ಡವರ ಸ್ನೇಹ, ಸಣ್ಣವರ ದಾಕ್ಷಿಣ್ಯ

ಅಮೆರಿಕದ ಅಧ್ಯಕ್ಷರಿಗೂ ಬ್ರಿಟನ್ನಿನ ಪ್ರಧಾನಿಗಳಿಗೂ ಇರುವ ನಂಟನ್ನು ಸುಮಾರು ಎಂಬತ್ತು ವರ್ಷಗಳಿಂದ ‘ವಿಶೇಷ ಸಂಬಂಧ’ ಎಂದು ಕರೆಯುತ್ತಾ ಬಂದಿದ್ದಾರೆ. ಈ ಮಾತನ್ನು ಚಲಾವಣೆಗೆ ತಂದವರು ವಿನ್‌ಸ್ಟನ್ ಚರ್ಚಿಲ್. 1946ರ ಮಾರ್ಚ್ 5ರಂದು ಮಿಸ್ಸೌರಿ ರಾಜ್ಯದ ಫುಲ್ಟನ್ ಎಂಬ ಸಣ್ಣ ಊರಿನ ಕಾಲೇಜಿನಲ್ಲಿ, ಅಧ್ಯಕ್ಷ ಟ್ರೂಮನ್ ಅದೇ ವೇದಿಕೆಯಲ್ಲಿ ಕುಳಿತಿದ್ದಾಗ, ಅವರು ಅದನ್ನು ಆಡಿದರು. ಆಗ ಚರ್ಚಿಲ್ ಪ್ರಧಾನಿಯಾಗಿರಲಿಲ್ಲ. ಹಿಂದಿನ ವರ್ಷದ ಚುನಾವಣೆಯಲ್ಲಿ ಸೋತು ವಿರೋಧ ಪಕ್ಷದ ಸಾಲಿನಲ್ಲಿದ್ದರು. ಅವರ ದೇಶ ಯುದ್ಧ ಗೆದ್ದಿತ್ತು, ಆದರೆ ಸಾಲದಲ್ಲಿ ಮುಳುಗಿತ್ತು. ಸಂಬಂಧಕ್ಕೆ ಹೆಸರಿಟ್ಟದ್ದು ಅದು ಹೆಚ್ಚು ಬೇಕಾಗಿದ್ದ ಕಡೆಯವರು ಎಂಬುದನ್ನು ಮೊದಲೇ ಗಮನಿಸಬೇಕು. ಬೀಗತನವನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವವರು ಸಾಮಾನ್ಯವಾಗಿ ಬಡ ಬೀಗರೇ.

ಎರಡು ದೇಶಗಳ ನಡುವೆ ಸ್ನೇಹ ಇರಲು ಸಾಧ್ಯವೇ ಎಂಬ ಪ್ರಶ್ನೆಗೆ ಹಳೆಯ ಉತ್ತರಗಳು ಒರಟಾಗಿವೆ. ಬ್ರಿಟನ್ನಿಗೆ ಶಾಶ್ವತ ಮಿತ್ರರೂ ಇಲ್ಲ, ಶಾಶ್ವತ ಶತ್ರುಗಳೂ ಇಲ್ಲ, ಶಾಶ್ವತವಾದದ್ದು ಹಿತಾಸಕ್ತಿ ಮಾತ್ರ ಎಂಬ ಅರ್ಥದ ಮಾತನ್ನು ಲಾರ್ಡ್ ಪಾಮರ್‌ಸ್ಟನ್ 1848ರಲ್ಲಿ ಸಂಸತ್ತಿನಲ್ಲೇ ಹೇಳಿದ್ದರು. ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ 1909ರಲ್ಲಿ ಮೈಸೂರಿನಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ತನಗಿಂತ ಬಲಶಾಲಿಯ ಜೊತೆ ಸೇರುವುದೇ ರಾಜನಿಗೆ ದೊಡ್ಡ ಕೇಡು, ಶತ್ರು ಮೇಲೆ ಬಿದ್ದಿರುವಾಗ ಮಾತ್ರ ಅದಕ್ಕೆ ವಿನಾಯಿತಿ ಎಂಬುದು ಅದರ ಎಣಿಕೆ. ಅರಿಸ್ಟಾಟಲ್ ಪ್ರಯೋಜನಕ್ಕಾಗಿ ಮಾಡುವ ಸ್ನೇಹವನ್ನೂ ಸ್ನೇಹವೆಂದೇ ಲೆಕ್ಕ ಹಾಕಿದ, ಪ್ರಯೋಜನ ತೀರಿದಾಗ ಅದೂ ತೀರುತ್ತದೆ ಎಂದ. ಅಸಮಾನರ ಸ್ನೇಹದಲ್ಲಿ ಮೇಲಿನವನಿಗೆ ಸಿಗುವ ಪ್ರೀತಿ ಅವನು ಕೊಡುವುದಕ್ಕಿಂತ ಹೆಚ್ಚಾಗಿರಬೇಕು ಎಂಬುದೂ ಅವನದೇ ಮಾತು.

ಈ ಎಲ್ಲರೂ ಸ್ನೇಹ ಮತ್ತು ಹಿತಾಸಕ್ತಿ ಎಂಬ ಎರಡೇ ತಕ್ಕಡಿಗಳಲ್ಲಿ ತೂಗುತ್ತಾರೆ. ಕನ್ನಡದಲ್ಲಿ ಮೂರನೆಯ ಪದವೊಂದಿದೆ, ದಾಕ್ಷಿಣ್ಯ. ಅದು ಪ್ರೀತಿಯಲ್ಲ, ಲಾಭವೂ ಅಲ್ಲ. ಎದುರಿಗಿರುವವರ ಮುಖ ನೋಡಿ ‘ಇಲ್ಲ’ ಎನ್ನಲಾಗದ ಸಂಕೋಚ. ವಾಷಿಂಗ್ಟನ್–ಲಂಡನ್ ಸಂಬಂಧದ ಚರಿತ್ರೆಯನ್ನು ಈ ಪದದ ಬೆಳಕಿನಲ್ಲಿ ಓದಿದರೆ ಹೆಚ್ಚು ಅರ್ಥವಾಗುತ್ತದೆ. ಅಲ್ಲಿ ಆತ್ಮೀಯತೆ ಸುಳ್ಳಲ್ಲ. ಆದರೆ ಅದರಿಂದ ಹುಟ್ಟುವ ದಾಕ್ಷಿಣ್ಯ ಬಹುಮಟ್ಟಿಗೆ ಒಂದೇ ಕಡೆಯವರನ್ನು ಕಟ್ಟಿಹಾಕಿದೆ.

ಆತ್ಮೀಯತೆಯ ಮೂಲಚಿತ್ರ 1941ರ ಆಗಸ್ಟಿನದು. ನ್ಯೂಫೌಂಡ್‌ಲೆಂಡಿನ ಪ್ಲಸೆನ್ಷಿಯಾ ಕೊಲ್ಲಿಯಲ್ಲಿ ಎರಡು ಯುದ್ಧನೌಕೆಗಳು ಲಂಗರು ಹಾಕಿದ್ದವು. ಅಮೆರಿಕದ್ದು ‘ಅಗಸ್ಟಾ’, ಬ್ರಿಟನ್ನಿನದು ‘ಪ್ರಿನ್ಸ್ ಆಫ್ ವೇಲ್ಸ್’. ಭಾನುವಾರ ಬೆಳಗ್ಗೆ ಬ್ರಿಟಿಷ್ ಹಡಗಿನ ಮೇಲಟ್ಟದಲ್ಲಿ ಸಾಮೂಹಿಕ ಪ್ರಾರ್ಥನೆ. ಪೋಲಿಯೊದಿಂದ ಕಾಲು ಸ್ವಾಧೀನವಿಲ್ಲದ ಅಧ್ಯಕ್ಷ ರೂಸ್‌ವೆಲ್ಟ್ ಕಬ್ಬಿಣದ ಪಟ್ಟಿ ಬಿಗಿದುಕೊಂಡು, ಮಗನ ತೋಳು ಹಿಡಿದು, ಹೆಜ್ಜೆ ಎಣಿಸುತ್ತಾ ನಡೆದು ಬಂದು ಚರ್ಚಿಲ್ ಪಕ್ಕ ಕುಳಿತರು. ಹಾಡಬೇಕಾದ ಸ್ತೋತ್ರಗಳನ್ನು ಚರ್ಚಿಲ್ ಮೊದಲೇ ಆರಿಸಿಟ್ಟಿದ್ದರು. ಎರಡೂ ದೇಶದ ನಾವಿಕರು ಒಂದೇ ಪುಸ್ತಕ ಹಿಡಿದು ಹಾಡಿದರು. ಇದರಲ್ಲಿ ನಾಟಕ ಎಷ್ಟು, ನಿಜ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ, ಬಿಡಿಸಬೇಕಾದ ಅಗತ್ಯವೂ ಇಲ್ಲ. ನಾಲ್ಕು ತಿಂಗಳ ನಂತರ ಆ ಹಡಗು ಮಲಯದ ಕಡಲಿನಲ್ಲಿ ಜಪಾನೀ ವಿಮಾನಗಳ ದಾಳಿಗೆ ಮುಳುಗಿತು.

ಅದಕ್ಕೆ ಮುಂಚಿನ ವ್ಯವಹಾರ ಮಾತ್ರ ಕಟ್ಟುನಿಟ್ಟಾದ ವ್ಯಾಪಾರವಾಗಿತ್ತು. 1940ರ ಸೆಪ್ಟೆಂಬರಿನಲ್ಲಿ, ಬ್ರಿಟನ್ ಒಂಟಿಯಾಗಿ ನಿಂತಿದ್ದಾಗ, ಅಮೆರಿಕ ತನ್ನ 50 ಹಳೆಯ ಡೆಸ್ಟ್ರಾಯರ್‌ಗಳನ್ನು ಕೊಟ್ಟಿತು. ಬದಲಿಗೆ ಕೆರಿಬಿಯನ್ ದ್ವೀಪಗಳೂ ಸೇರಿದಂತೆ ಬ್ರಿಟಿಷ್ ನೆಲದಲ್ಲಿ 99 ವರ್ಷಗಳ ಗುತ್ತಿಗೆಗೆ ಸೇನಾ ನೆಲೆಗಳನ್ನು ಪಡೆಯಿತು.

ಪ್ಲಸೆನ್ಷಿಯಾದಲ್ಲಿ ಹೊರಬಿದ್ದ ಅಟ್ಲಾಂಟಿಕ್ ಸನದು ಎಲ್ಲ ಜನರಿಗೂ ತಮ್ಮ ಸರ್ಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕಿದೆ ಎಂದು ಸಾರಿತ್ತು. ಭಾರತೀಯರು ಅದನ್ನು ತಮ್ಮ ವಿಷಯವೆಂದೇ ಓದಿಕೊಂಡರು. ಸನದು ಮುಖ್ಯವಾಗಿ ನಾಜಿಗಳ ಹಿಡಿತದಲ್ಲಿರುವ ಯುರೋಪಿನ ದೇಶಗಳನ್ನು ಕುರಿತದ್ದು ಎಂದು ಸೆಪ್ಟೆಂಬರಿನಲ್ಲಿ ಚರ್ಚಿಲ್ ಸಂಸತ್ತಿನಲ್ಲಿ ವಿವರಿಸಿದರು. ಅದು ಇಡೀ ಜಗತ್ತಿಗೆ ಅನ್ವಯಿಸುತ್ತದೆ ಎಂದು 1942ರ ಫೆಬ್ರುವರಿಯಲ್ಲಿ ರೂಸ್‌ವೆಲ್ಟ್ ರೇಡಿಯೊದಲ್ಲಿ ಹೇಳಿದರು. ತಮ್ಮ ಪ್ರತಿನಿಧಿಯಾಗಿ ಲೂಯಿಸ್ ಜಾನ್ಸನ್ ಅವರನ್ನು ದೆಹಲಿಗೂ ಕಳುಹಿಸಿದರು. ಕ್ರಿಪ್ಸ್ ಆಯೋಗ ವಿಫಲವಾದಾಗ ಮಾತುಕತೆ ಮುಂದುವರಿಸುವಂತೆ ಚರ್ಚಿಲ್‌ಗೆ ಬರೆದರು. ಚರ್ಚಿಲ್ ಕೆರಳಿದರು, ರೂಸ್‌ವೆಲ್ಟ್ ವಿಷಯ ಬಿಟ್ಟರು. ದೊಡ್ಡ ಕಡೆ ದಾಕ್ಷಿಣ್ಯ ತೋರಿದ ಅಪರೂಪದ ಸಂದರ್ಭಗಳಲ್ಲಿ ಇದೊಂದು. ಅದರ ಬೆಲೆ ತೆತ್ತವರು ಆ ಕೋಣೆಯಲ್ಲೇ ಇರಲಿಲ್ಲ. ಇಬ್ಬರ ಸ್ನೇಹದ ಲೆಕ್ಕದಲ್ಲಿ ಮೂರನೆಯವರ ಖರ್ಚು ಬರೆಯುವ ಕಾಲಂ ಇರುವುದಿಲ್ಲ.

ಯುದ್ಧ ಮುಗಿಯುತ್ತಿದ್ದಂತೆ ದಾಕ್ಷಿಣ್ಯದ ದಿಕ್ಕು ಖಚಿತವಾಯಿತು. 1945ರ ಆಗಸ್ಟಿನಲ್ಲಿ ಟ್ರೂಮನ್ ಯುದ್ಧಕಾಲದ ‘ಲೆಂಡ್-ಲೀಸ್’ ನೆರವನ್ನು ಥಟ್ಟನೆ ನಿಲ್ಲಿಸಿದರು. ಅನುದಾನವೋ ಬಡ್ಡಿಯಿಲ್ಲದ ಸಾಲವೋ ಸಿಕ್ಕೀತೆಂದು ವಾಷಿಂಗ್ಟನ್ನಿಗೆ ಹೋದ ಅರ್ಥಶಾಸ್ತ್ರಜ್ಞ ಕೇನ್ಸ್ ತಂದದ್ದು ಶೇ 2 ಬಡ್ಡಿಯ 375 ಕೋಟಿ ಡಾಲರ್ ಸಾಲ. ಅದರ ಕೊನೆಯ ಕಂತು ತೀರಿದ್ದು 2006ರ ಡಿಸೆಂಬರಿನ ಕೊನೆಯಲ್ಲಿ. ಅಣುಬಾಂಬಿನ ಕಥೆ ಇನ್ನೂ ಹೇಳುವಂಥದ್ದು. ಯುದ್ಧದ ನಂತರವೂ ಪೂರ್ಣ ಸಹಕಾರ ಮುಂದುವರಿಯುತ್ತದೆ ಎಂದು 1944ರ ಸೆಪ್ಟೆಂಬರಿನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಹೈಡ್ ಪಾರ್ಕಿನಲ್ಲಿ ಒಂದು ಟಿಪ್ಪಣಿಗೆ ಸಹಿ ಹಾಕಿದ್ದರು. ಮುಂದಿನ ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ತೀರಿಕೊಂಡರು, ಅಮೆರಿಕದ ಪ್ರತಿ ಬೇರೆ ಕಡತಗಳ ನಡುವೆ ಸೇರಿಹೋಗಿತ್ತು. 1946ರ ಮ್ಯಾಕ್‌ಮೇಹನ್ ಕಾಯ್ದೆ ಅಣು ರಹಸ್ಯಗಳ ಬಾಗಿಲನ್ನು ಬ್ರಿಟನ್ನಿಗೂ ಮುಚ್ಚಿತು. ಇಬ್ಬರು ವ್ಯಕ್ತಿಗಳ ವಿಶ್ವಾಸದ ಮೇಲೆ ನಿಂತ ಮಾತು ಅವರಲ್ಲೊಬ್ಬರ ಆಯುಷ್ಯದಷ್ಟೇ ಬಾಳಿತು. ಬ್ರಿಟನ್ ತನ್ನ ಬಾಂಬನ್ನು ತಾನೇ ತಯಾರಿಸಿ 1952ರಲ್ಲಿ ಸ್ಫೋಟಿಸಿತು.

ಸೂಯೆಜ್ ಬಿಕ್ಕಟ್ಟಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದರ ಒಂದು ಎಳೆ ಸಾಕು. 1956ರಲ್ಲಿ ಪ್ರಧಾನಿ ಈಡನ್ ಫ್ರಾನ್ಸ್ ಮತ್ತು ಇಸ್ರೇಲ್ ಜೊತೆ ಗುಟ್ಟಾಗಿ ಕೂಡಿ ಈಜಿಪ್ಟಿನ ಮೇಲೆ ಹೋದಾಗ, ಯುದ್ಧಕಾಲದ ಒಡನಾಡಿ ಐಸೆನ್‌ಹೋವರ್ ಕಡೆಯಿಂದ ಹೆಚ್ಚೆಂದರೆ ಗೊಣಗಾಟ ಬಂದೀತು ಎಂದು ಲಂಡನ್ ನಂಬಿತ್ತು. ಬಂದದ್ದು ಪೌಂಡಿನ ಕುತ್ತಿಗೆಗೆ ಹಾಕಿದ ಕೈ. ಸೇನೆ ಹಿಂತೆಗೆಯುವವರೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವಿಗೆ ಅಮೆರಿಕ ಒಪ್ಪಲಿಲ್ಲ. 1957ರ ಜನವರಿಯಲ್ಲಿ ಈಡನ್ ರಾಜೀನಾಮೆ ಕೊಟ್ಟರು. ವಿಚಿತ್ರವೆಂದರೆ ಈ ಅವಮಾನದ ಎರಡೇ ವರ್ಷಗಳಲ್ಲಿ, 1958ರಲ್ಲಿ, ಎರಡು ದೇಶಗಳ ಅತ್ಯಂತ ಗಟ್ಟಿಯಾದ ಒಪ್ಪಂದವೊಂದು ಆಯಿತು. ಮ್ಯಾಕ್‌ಮೇಹನ್ ಕಾಯ್ದೆ ಮುಚ್ಚಿದ್ದ ಬಾಗಿಲು ಪರಸ್ಪರ ರಕ್ಷಣಾ ಒಪ್ಪಂದದಿಂದ ತೆರೆಯಿತು. ಹೊಸ ಪ್ರಧಾನಿ ಮ್ಯಾಕ್‌ಮಿಲನ್ ಮತ್ತು ಐಸೆನ್‌ಹೋವರ್ ಹಳೆಯ ಗೆಳೆಯರು, ಅದು ದಾರಿಯನ್ನು ಸುಗಮ ಮಾಡಿತು. ಆದರೆ ಹೈಡ್ ಪಾರ್ಕಿನ ಚೀಟಿಯಂತೆ ಇದು ಯಾರದೋ ಜೇಬಿನಲ್ಲಿ ಉಳಿಯಲಿಲ್ಲ. ಕಾನೂನು, ಸಮಿತಿ, ಪ್ರಯೋಗಾಲಯಗಳ ನಡುವೆ ಬೇರು ಬಿಟ್ಟಿತು. 2024ರಲ್ಲಿ ಅದರ ಅವಧಿಯ ಮಿತಿಯನ್ನೇ ತೆಗೆದುಹಾಕಲಾಯಿತು.

ವ್ಯಕ್ತಿಗತ ಸ್ನೇಹದಿಂದ ಬ್ರಿಟನ್ನಿಗೆ ಏನೂ ದಕ್ಕಲಿಲ್ಲ ಎಂದರೆ ತಪ್ಪಾಗುತ್ತದೆ. 1962ರ ಡಿಸೆಂಬರಿನಲ್ಲಿ ಬಹಾಮಾಸ್‌ನ ನಸ್ಸೌನಲ್ಲಿ ಮ್ಯಾಕ್‌ಮಿಲನ್, ಕೆನಡಿಯವರ ಮನ ಒಲಿಸಿ ಪೊಲಾರಿಸ್ ಕ್ಷಿಪಣಿಗಳನ್ನು ಪಡೆದರು. ಅಮೆರಿಕದ ಅಧಿಕಾರಿಗಳಲ್ಲಿ ಹಲವರಿಗೆ ಅದು ಇಷ್ಟವಿರಲಿಲ್ಲ. ಆದರೆ ಅದಕ್ಕೂ ಒಂದು ಬಾಲವಿತ್ತು. 1966ರಲ್ಲಿ ಹಿಂದೂ ಮಹಾಸಾಗರದ ಡಿಯಾಗೊ ಗಾರ್ಸಿಯಾ ದ್ವೀಪವನ್ನು ಅಮೆರಿಕದ ನೆಲೆಗೆ ಬಿಟ್ಟುಕೊಟ್ಟ ಬ್ರಿಟನ್, ಪ್ರತಿಫಲವಾಗಿ ಪೊಲಾರಿಸ್ ಸಂಶೋಧನಾ ವೆಚ್ಚದಲ್ಲಿ 1.4 ಕೋಟಿ ಡಾಲರ್ ರಿಯಾಯಿತಿ ಪಡೆಯಿತು, ಅದನ್ನು ಗುಟ್ಟಾಗಿಯೂ ಇಟ್ಟಿತು. ಚಾಗೋಸ್ ದ್ವೀಪಗಳ ಜನರನ್ನು 1973ರ ಹೊತ್ತಿಗೆ ಸಂಪೂರ್ಣವಾಗಿ ಎಬ್ಬಿಸಿ ಮಾರಿಷಸ್ ಮತ್ತು ಸೇಷೆಲ್ಸ್‌ಗೆ ಸಾಗಿಸಲಾಯಿತು. ಇಲ್ಲಿಯೂ ಮೂರನೆಯವರದೇ ಖರ್ಚು.

‘ಇಲ್ಲ’ ಎಂದವರ ಗತಿ ಏನಾಯಿತು ಎಂಬುದು ವಾದದ ಗಂಟು. ಅಧ್ಯಕ್ಷ ಲಿಂಡನ್ ಜಾನ್ಸನ್, ವಿಯೆಟ್ನಾಮಿಗೆ ಹೆಸರಿಗೊಂದು ಬ್ರಿಟಿಷ್ ತುಕಡಿ ಬಂದರೂ ಸಾಕು ಎಂದು ಪ್ರಧಾನಿ ಹೆರಾಲ್ಡ್ ವಿಲ್ಸನ್‌ರನ್ನು ಪದೇ ಪದೇ ಕೇಳಿದರು. ಪೌಂಡು ಆಗ ಅಮೆರಿಕದ ಆಸರೆಯಲ್ಲಿ ನಿಂತಿತ್ತು. ವಿಲ್ಸನ್ ಬಾಯಿಮಾತಿನ ಬೆಂಬಲ ಧಾರಾಳವಾಗಿ ಕೊಟ್ಟರು, ಒಬ್ಬ ಸೈನಿಕನನ್ನೂ ಕಳುಹಿಸಲಿಲ್ಲ. ಇಬ್ಬರ ನಡುವೆ ಪ್ರೀತಿ ಇರಲಿಲ್ಲ. ಆದರೂ ಅಣು ಸಹಕಾರ, ಬೇಹುಗಾರಿಕೆಯ ವಿನಿಮಯ ಎರಡೂ ನಿಲ್ಲಲಿಲ್ಲ. 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ದಾಳಿಗೆ ಹೌಸ್ ಆಫ್ ಕಾಮನ್ಸ್ 285–272 ಮತಗಳಿಂದ ಒಪ್ಪಿಗೆ ನಿರಾಕರಿಸಿದಾಗಲೂ ಆಕಾಶ ಕಳಚಿ ಬೀಳಲಿಲ್ಲ.

ಥ್ಯಾಚರ್–ರೇಗನ್ ಜೋಡಿಯನ್ನು ಎಲ್ಲರೂ ಆದರ್ಶವೆಂದು ಹೇಳುತ್ತಾರೆ. ಅದು ಉಳಿದದ್ದು ಇಬ್ಬರೂ ಒಬ್ಬರನ್ನೊಬ್ಬರು ನಿರಾಕರಿಸಲು ಅಂಜದೆ ಇದ್ದುದರಿಂದ. 1982ರ ಫಾಕ್‌ಲೆಂಡ್ ಯುದ್ಧದಲ್ಲಿ ಅಮೆರಿಕ ಸೈಡ್‌ವೈಂಡರ್ ಕ್ಷಿಪಣಿಗಳನ್ನೂ ಇಂಧನವನ್ನೂ ಒದಗಿಸಿತು. ಆದರೆ ಮೇ ಕೊನೆಯಲ್ಲಿ ರೇಗನ್ ಫೋನ್ ಮಾಡಿ, ಅರ್ಜೆಂಟೀನಾ ಪೂರ್ತಿ ಸೋಲುವ ಮೊದಲೇ ಕದನ ನಿಲ್ಲಿಸಬಾರದೇ ಎಂದಾಗ ಥ್ಯಾಚರ್ ಒಪ್ಪಲಿಲ್ಲ. ಮರುವರ್ಷ ಬ್ರಿಟಿಷ್ ರಾಣಿಯೇ ರಾಷ್ಟ್ರದ ಮುಖ್ಯಸ್ಥೆಯಾಗಿದ್ದ ಗ್ರೆನಡಾಕ್ಕೆ ಅಮೆರಿಕ ಸೈನ್ಯ ನುಗ್ಗಿಸಿತು. ಲಂಡನ್ನಿಗೆ ತಿಳಿಸಿದ್ದು ಕೊನೆಯ ಗಳಿಗೆಯಲ್ಲಿ. ಮಾರನೆಯ ದಿನ ರೇಗನ್ ಮಾಡಿದ ಕರೆಯ ಧ್ವನಿಮುದ್ರಣ 2014ರಲ್ಲಿ ಬಹಿರಂಗವಾಯಿತು. ನಾನು ಅಲ್ಲಿದ್ದಿದ್ದರೆ ಒಳಗೆ ಕಾಲಿಡುವ ಮೊದಲು ಟೋಪಿಯನ್ನು ಬಾಗಿಲಿನಿಂದ ಎಸೆದು ನೋಡುತ್ತಿದ್ದೆ ಎಂದು ರೇಗನ್ ಮಾತು ಶುರು ಮಾಡುತ್ತಾರೆ. ಮುಂದೆ ಉದ್ದದ ಸಮಜಾಯಿಷಿ. ಥ್ಯಾಚರ್ ಉತ್ತರಗಳು ತುಂಡು ತುಂಡು. ಕೊನೆಗೆ ಸದನದಲ್ಲಿ ಬಿಸಿ ಚರ್ಚೆ ನಡೆಯುತ್ತಿದೆ, ಹೋಗಬೇಕು ಎನ್ನುತ್ತಾರೆ. ಕ್ಷಮೆ ಕೇಳುವುದು ದೊಡ್ಡವರಿಗೆ ಅಗ್ಗ, ಏಕೆಂದರೆ ಸೈನ್ಯ ಆಗಲೇ ಇಳಿದಾಗಿತ್ತು.

ಟೋನಿ ಬ್ಲೇರ್ ಇದಕ್ಕೆ ತದ್ವಿರುದ್ಧ. 2001ರ ಫೆಬ್ರುವರಿಯಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ, ನಿಮ್ಮಿಬ್ಬರಲ್ಲಿ ಸಮಾನವಾದದ್ದೇನು ಎಂದು ಪತ್ರಕರ್ತರು ಕೇಳಿದಾಗ ಜಾರ್ಜ್ ಬುಷ್ ಕೊಟ್ಟ ಉತ್ತರ, ಇಬ್ಬರೂ ಕೋಲ್ಗೇಟ್ ಟೂತ್‌ಪೇಸ್ಟ್ ಬಳಸುತ್ತೇವೆ ಎಂಬುದು. ಒಂದೂವರೆ ವರ್ಷದೊಳಗೆ, 2002ರ ಜುಲೈ 28ರಂದು, ಬ್ಲೇರ್ ಇರಾಕ್ ಕುರಿತು ಬುಷ್‌ಗೆ ಬರೆದ ಖಾಸಗಿ ಟಿಪ್ಪಣಿಯನ್ನು ಏನೇ ಆದರೂ ನಿಮ್ಮ ಜೊತೆಗಿರುತ್ತೇನೆ ಎಂಬ ಭರವಸೆಯಿಂದ ಆರಂಭಿಸಿದ್ದರು. ನಂತರದ ಸಾಲುಗಳಲ್ಲಿ ಷರತ್ತುಗಳೂ ಎಚ್ಚರಿಕೆಗಳೂ ಇದ್ದವು. ಆದರೆ ಮೊದಲ ಸಾಲು ಓದಿದ ಮೇಲೆ ಉಳಿದದ್ದನ್ನು ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ? ದಾಕ್ಷಿಣ್ಯಕ್ಕೆ ಬಸುರಾಗುವುದು ಎಂಬ ಗಾದೆಗೆ ಆಧುನಿಕ ರಾಜಕಾರಣದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಜೊತೆಗೆ ನಿಂತರೆ ಕಿವಿಯಲ್ಲಿ ಹೇಳುವ ಅವಕಾಶ ಸಿಗುತ್ತದೆ ಎಂಬುದು ಬ್ಲೇರ್ ಲೆಕ್ಕ. ಆ ಲೆಕ್ಕ ಮೂರ್ಖತನದ್ದಲ್ಲ. ವಿಶ್ವಸಂಸ್ಥೆಯ ದಾರಿ ಹಿಡಿಯಲು ಬುಷ್ ಒಪ್ಪಿದ್ದರಲ್ಲಿ ಅವರ ಒತ್ತಡವೂ ಇತ್ತು. ಆದರೆ ಮುಂಗಡವಾಗಿ ಪೂರ್ತಿ ಪಾವತಿ ಮಾಡಿದ ಗಿರಾಕಿಗೆ ಚೌಕಾಸಿಗೆ ಜಾಗವಿರುವುದಿಲ್ಲ. 2003ರ ಮಾರ್ಚ್ 11ರಂದು, ಬ್ರಿಟನ್ ಬರದಿದ್ದರೂ ಕೆಲಸ ನಡೆಯುತ್ತದೆ ಎಂಬರ್ಥದಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಬಹಿರಂಗವಾಗಿ ಹೇಳಿಬಿಟ್ಟರು. ಬ್ರಿಟನ್ ಹೋಯಿತು. ಇರಾಕಿನಲ್ಲಿ ಸತ್ತ ಬ್ರಿಟಿಷ್ ಸಿಬ್ಬಂದಿ 179. ಆ ಟಿಪ್ಪಣಿ 2016ರ ಜುಲೈ 6ರಂದು, ಇರಾಕ್ ಯುದ್ಧ ಕುರಿತ ಚಿಲ್ಕಾಟ್ ವರದಿಯ ಜೊತೆ ಬೆಳಕಿಗೆ ಬಂತು.

ಈ ವಾದಕ್ಕೊಂದು ಆಕ್ಷೇಪ ಎತ್ತಬಹುದು. ಪ್ರಜಾಪ್ರಭುತ್ವ, ಭಾಷೆ, ಕಾನೂನಿನ ಪರಂಪರೆ ಇವೆಲ್ಲ ಎರಡೂ ದೇಶಗಳಿಗೆ ಸಮಾನವಾದವು, ಹಾಗಾಗಿ ಇದು ಪ್ರಯೋಜನದ ಸ್ನೇಹವಲ್ಲ, ಗುಣದ ಸ್ನೇಹ ಎಂದು. ಸಮಾನ ಭಾಷೆ ಇರುವುದು ನಿಜ, ಆದರೆ ಸೂಯೆಜ್ ಸಮಯದಲ್ಲೂ ಅದು ಇತ್ತು. ಸದಾ ಇರುವ ಕಾರಣವೊಂದು ಒಮ್ಮೆ ನೆರವಿಗೂ ಇನ್ನೊಮ್ಮೆ ನಿರಾಕರಣೆಗೂ ವಿವರಣೆಯಾಗಲಾರದು. ಅಲ್ಲದೆ, ಅಧ್ಯಕ್ಷರಾಗಲಿ ಪ್ರಧಾನಿಯಾಗಲಿ ತಮ್ಮ ಸ್ವಂತದ್ದನ್ನು ಕೊಡುತ್ತಿಲ್ಲ, ಮತದಾರರದ್ದನ್ನು ಕೊಡುತ್ತಾರೆ. ಟ್ರಸ್ಟಿಯಾದವನು ಟ್ರಸ್ಟಿನ ಹಣದಲ್ಲಿ ಉದಾರಿಯಾಗುವಂತಿಲ್ಲ. ಗೆಳೆತನದ ಮೂಲಗುಣವಾದ ಲೆಕ್ಕವಿಡದ ಕೊಡುಗೆ ಈ ಹುದ್ದೆಗಳಿಗೆ ನಿಷಿದ್ಧ.

ಉಡುಗೊರೆಗಳಲ್ಲೂ ಈ ತಾರತಮ್ಯ ಕಾಣುತ್ತದೆ. ಶ್ವೇತಭವನದಲ್ಲಿ ಅನೇಕ ಅಧ್ಯಕ್ಷರು ಬಳಸಿದ ಮೇಜು ‘ರೆಸಲ್ಯೂಟ್’ ಎಂಬ ಬ್ರಿಟಿಷ್ ಹಡಗಿನ ಮರದ್ದು. ಆರ್ಕ್ಟಿಕ್ ಮಂಜಿನಲ್ಲಿ ಕೈಬಿಟ್ಟಿದ್ದ ಆ ಹಡಗನ್ನು ಅಮೆರಿಕದ ತಿಮಿಂಗಿಲ ಬೇಟೆಗಾರರು ಹಿಡಿದು ತಂದರು, ಅಮೆರಿಕ ಅದನ್ನು ದುರಸ್ತಿ ಮಾಡಿಸಿ ಹಿಂದಿರುಗಿಸಿತು. 1880ರಲ್ಲಿ ವಿಕ್ಟೋರಿಯಾ ರಾಣಿ ಅದರ ಮರದಿಂದ ಮೇಜು ಮಾಡಿಸಿ ಅಧ್ಯಕ್ಷ ಹೇಯ್ಸ್‌ಗೆ ಕಳುಹಿಸಿದರು. 2009ರಲ್ಲಿ ಗಾರ್ಡನ್ ಬ್ರೌನ್, ‘ಗ್ಯಾನೆಟ್’ ಎಂಬ ಇನ್ನೊಂದು ಹಳೆಯ ನೌಕೆಯ ಮರದಲ್ಲಿ ಕೆತ್ತಿಸಿದ ಲೇಖನಿದಾನಿಯನ್ನು ಒಬಾಮಾಗೆ ಕೊಟ್ಟರು. ಒಬಾಮಾ ಕೊಟ್ಟದ್ದು 25 ಅಮೆರಿಕನ್ ಸಿನಿಮಾಗಳ ಡಿವಿಡಿ ಕಟ್ಟು.

2025ರ ಫೆಬ್ರುವರಿ 27ರಂದು ಪ್ರಧಾನಿ ಕಿಯರ್ ಸ್ಟಾರ್ಮರ್ ಶ್ವೇತಭವನದಲ್ಲಿ ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದು ಟ್ರಂಪ್ ಕೈಗೆ ಕೊಟ್ಟರು. ಎರಡನೆಯ ಬಾರಿಯ ರಾಜಾತಿಥ್ಯಕ್ಕೆ ದೊರೆ ಚಾರ್ಲ್ಸ್ ಬರೆದ ಆಹ್ವಾನ. ಟ್ರಂಪ್ ಅದನ್ನು ಕ್ಯಾಮೆರಾಗಳ ಮುಂದೆಯೇ ಬಿಡಿಸಿ ಓದಿದರು. ಏಪ್ರಿಲ್ 2ರಂದು ಹೊಸ ಆಮದು ಸುಂಕದ ಪಟ್ಟಿ ಬಂದಾಗ ಬ್ರಿಟನ್ನಿಗೆ ಬಿದ್ದದ್ದು ಶೇ 10. ಪಟ್ಟಿಯಲ್ಲಿದ್ದ ಹಲವಾರು ದೇಶಗಳಿಗೆ ಹಾಕಿದ ಅದೇ ಕನಿಷ್ಠ ದರ. ಮೇ 8ರ ಒಪ್ಪಂದದಲ್ಲಿ ಕಾರುಗಳಿಗೆ ಒಂದಿಷ್ಟು ರಿಯಾಯಿತಿ ಸಿಕ್ಕಿತು, ಆ ಶೇ 10 ಹಾಗೆಯೇ ಉಳಿಯಿತು. ಸೆಪ್ಟೆಂಬರಿನಲ್ಲಿ ವಿಂಡ್ಸರ್ ಕೋಟೆಯಲ್ಲಿ ಔತಣ ನಡೆಯಿತು.