ಲಾರಿಯಲ್ಲಿ ಮಲಗುವವನ ಚಳಿ ಯಾರ ಹೊಣೆ?

ದಶಂಬರ ಜನವರಿ ತಿಂಗಳುಗಳಲ್ಲಿ ಗೌರಿಬಿದನೂರು ಸೀಮೆಯ ಚಳಿ ಎಂಥದೆಂದು ನಿಮಗೆ ಹೇಳಬೇಕಾದದ್ದಿಲ್ಲ. ನೀರು ಹೆಪ್ಪುಗಟ್ಟುವಷ್ಟು ಅಲ್ಲದಿದ್ದರೂ, ಬೆಳಗಿನ ಜಾವದಲ್ಲಿ ಕಂಬಳಿಯೊಳಗಿರುವವನಿಗೂ ಏಳಲು ಮನಸ್ಸಾಗದು. ಅದೇ ಹೊತ್ತಿನಲ್ಲಿ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಂಥ ಸ್ಥಳಗಳಲ್ಲಿ, ಸರಕು ಇಳಿಸುವ ಸರದಿಗಾಗಿ ಕಾಯುವ ಲಾರಿಗಳೊಳಗೆ ಮನುಷ್ಯರು ಮಲಗಿರುತ್ತಾರೆ. ಆಸನದ ಹಿಂದಿನ ಹಲಗೆಯೇ ಅವರ ಮಂಚ, ಸಣ್ಣದೊಂದು ಒಲೆಯೇ ಅಡಿಗೆಮನೆ. ಇವರ ಚಳಿಗೆ ಹೊಣೆ ಯಾರು ಎಂಬದನ್ನು ಈ ಸಾರಿ ವಿಚಾರಿಸುವೆವು.

ಲಾರಿ ಬಿಟ್ಟು ಬೇರೆ ಕಡೆ ಮಲಗಬಾರದೋ ಎಂದು ಕೆಲವರು ಕೇಳುವರು. ಬಿಟ್ಟುಹೋದರೆ ಡೀಸೆಲೂ ಸರಕೂ ಕಳುವಾಗುವ ಭಯ. ನಷ್ಟವು ಅವನ ಕೂಲಿಯ ಮೇಲೆ ಬೀಳಬಹುದು. ಇನ್ನು ಕೆಲವರು, ಕೂಲಿ ತಕ್ಕೊಳ್ಳುತ್ತಾನಲ್ಲಾ, ಅದರಲ್ಲಿ ಚಳಿಯ ಬೆಲೆಯೂ ಸೇರಿದೆ ಅನ್ನುವರು. ಈ ಮಾತು ಮೇಲೆ ನೋಡಲು ನ್ಯಾಯವಾಗಿ ಕಾಣುತ್ತದೆ. ಆದರೆ ಕೂಲಿಯು ಕೆಲಸಕ್ಕೆ ಸಲ್ಲುವಂಥಾದ್ದು. ಉಸಿರಿಗೆ ಬೆಲೆ ಕಟ್ಟಿದವರು ಯಾರು?

ಉಸಿರೆಂದು ಸುಮ್ಮನೆ ಹೇಳಲಿಲ್ಲ. ಕಿಟಕಿ ಮುಚ್ಚಿ ಮಲಗಿದರೆ ಉಸಿರಿನ ತೇವವು ತಣ್ಣಗಿನ ತಗಡಿಗೆ ತಗಲಿ, ನೀರಾಗಿ ಹಾಸಿಗೆಯನ್ನು ನೆನೆಸುತ್ತದೆ. ಬೆಚ್ಚಗಾಗುವದಕ್ಕೆ ಇದ್ದಲಿನ ಕೆಂಡವನ್ನು ಒಳಗಿಟ್ಟುಕೊಂಡರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಪ್ರಾಣವಾಯುವಿಗಿಂತ 200 ಪಾಲಿಗೂ ಹೆಚ್ಚು ಬಲವಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ನಿದ್ರೆಯಲ್ಲಿರುವವನು ಎಚ್ಚರವಾಗದೆ ಸಾಯಬಹುದು. ಆದದರಿಂದ ಕಿಟಕಿ ಮುಚ್ಚಿದ ಲಾರಿಯೊಳಗೆ ಕೆಂಡವನ್ನು ಕಂಡರೆ ಸಂಕೋಚಪಡದೆ ತಟ್ಟಿ ಎಬ್ಬಿಸಿ, ಬಾಗಿಲು ತೆರೆಸಿ, ಅವನನ್ನು ಹೊರಗಿನ ಗಾಳಿಗೆ ತರಬೇಕು.

ಸರಕಾರವು ಇದನ್ನು ಯೋಚಿಸದೆ ಇರಲಿಲ್ಲ. ರಾತ್ರಿ ತಂಗಬೇಕಾದ ಸ್ಥಳಗಳಲ್ಲಿ ಯಜಮಾನನು ವಿಶ್ರಾಂತಿಯ ಕೋಣೆಗಳನ್ನು ಒದಗಿಸತಕ್ಕದ್ದೆಂದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾನೂನು ವಿಧಿಸಿತ್ತು. ಆದರೆ ಅದು ಐದು ಮಂದಿ ಅಥವಾ ಹೆಚ್ಚು ಕೆಲಸಗಾರರುಳ್ಳವರಿಗಾಗಿ ಮಾಡಲ್ಪಟ್ಟದ್ದು. ಒಂದೆರಡು ಲಾರಿಗಳ ಯಜಮಾನರು ಹೊರಗುಳಿದರು. ಲಡಾಖಿನಂಥ ಹಿಮದ ಸೀಮೆಗಾಗಿ, ಸೊನ್ನೆಗಿಂತ 33 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹರಿಯುವ ಡೀಸೆಲನ್ನು 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯವರು ಹೊರತಂದರು. ಒಳ್ಳೇದೇ. ಎಣ್ಣೆ ಗಟ್ಟಿಯಾಗಬಾರದೆಂಬ ಚಿಂತೆ ಲೋಕಕ್ಕೆ ಬೇಗ ಹುಟ್ಟುತ್ತದೆ!

ಹೊಣೆಯು ಹಲವರಿಗೆ ಹಂಚಿಹೋದಾಗ ಪ್ರತಿಯೊಬ್ಬನಿಗೂ ತನ್ನ ಪಾಲು ಕಾಣದೆ ಹೋಗುತ್ತದೆ. ಯಜಮಾನನು ಕಾರ್ಖಾನೆಯನ್ನೂ, ಕಾರ್ಖಾನೆಯವರು ಯಜಮಾನನನ್ನೂ, ಊರವರು ಇಬ್ಬರನ್ನೂ ತೋರಿಸುವರು. ಆದರೆ ನಮ್ಮ ಮನೆಯ ಉಪ್ಪು, ಗೋಡೆಯ ಸಿಮೆಂಟು, ಹೊಲದ ಗೊಬ್ಬರ ಇವೆಲ್ಲಾ ಇಂಥವನೊಬ್ಬನು ದಾರಿಯಲ್ಲಿ ಮಲಗಿ ತಂದವುಗಳಲ್ಲವೋ? ಹೀಗಿರಲಾಗಿ ಅವನಿಗೆ ಮಾಡುವ ಉಪಕಾರವನ್ನು ಸಾಲದ ಲೆಕ್ಕದಲ್ಲಿ ಬರೆಯಬೇಕು. ದಾನವಾದರೆ ಬೇಡುವ ತನಕ ಕಾಯಬಹುದು. ಸಾಲ ಕೊಟ್ಟವನು ಬಾಯಿಬಿಟ್ಟು ಕೇಳಲಿಲ್ಲವೆಂದು ಸಾಲ ಅಳಿಯುವದೋ?

ಪರಸ್ಥಳದವನು, ಎಂಥವನೋ ಎಂಬ ಅಂಜಿಕೆ ಇದ್ದೇ ಇದೆ. ಅದನ್ನು ನಾವು ಹಳಿಯುವದಿಲ್ಲ, ಮನೆಯೊಳಗೆ ಕರಕೊಳ್ಳಿರೆಂದು ಒತ್ತಾಯಿಸುವದೂ ಇಲ್ಲ. ಒಂದು ಚೊಂಬು ಬಿಸಿನೀರಿಗೂ ಲಾರಿ ಕಣ್ಣಿಗೆ ಬೀಳುವಷ್ಟು ಹತ್ತಿರದ ಜಗಲಿಗೂ ಆ ಅಂಜಿಕೆ ಅಡ್ಡಬಾರದು. ಕಾರ್ಖಾನೆಯವರು ಬಾಗಲ ಬಳಿ ಕೋಣೆಯೊಂದನ್ನು ತೆರೆದು, ರಾತ್ರಿಯ ಕಾವಲುಗಾರನಿಗೆ ಹೊರಗೆ ನಿಂತ ಲಾರಿಗಳನ್ನೂ ಒಪ್ಪಿಸಿದರೆ, ಆ ಚಾಲಕನು ಬಂಡಿಯನ್ನು ಬಿಟ್ಟು ಇಳಿದು ಕಾಲು ನೀಡಿ ಮಲಗುವನು.