ಕಾಣುವ ರೋಗಿ, ಕಾಣದ ರೋಗಿ

ಬೀದರ್ ತಾಲ್ಲೂಕಿನ ಮನ್ನಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳೋಣ. ಅವಳ ಮುಂದೆ ಎರಡು ದಾರಿ: ಗಡಿಯಾಚೆಯ ಜಹೀರಾಬಾದಿನಲ್ಲಿರುವಂಥ ಕಾರ್ಖಾನೆಯ ಕೆಲಸ, ಇಲ್ಲವೇ ಬೀದರಿನ ಆಸ್ಪತ್ರೆಯಲ್ಲಿ ವೆಂಟಿಲೇಟರ್, ಡಯಾಲಿಸಿಸ್ ಯಂತ್ರಗಳ ದುರಸ್ತಿ. ಮನೆಯವರು ಸಂಬಳ, ಪಿ.ಎಫ್., ಬಸ್ಸಿನ ಹೊತ್ತು ಎಲ್ಲ ಲೆಕ್ಕ ಹಾಕುತ್ತಾರೆ. ಸಾಲವಿರುವ ಮನೆಯಲ್ಲಿ ಸಂಬಳವೂ ನೀತಿಯ ಪ್ರಶ್ನೆಯೇ. ಕೊನೆಗೆ ಹಿರಿಯರೊಬ್ಬರು ಹೇಳುತ್ತಾರೆ: "ದವಾಖಾನಿ ಕೆಲಸ ಪುಣ್ಯದ್ದವ್ವಾ. ಕಾರ್ಖಾನ್ಯಾಗ ಏನದ? ಬರೀ ರೊಕ್ಕ."

ಈ ಮಾತು ನಿಜವೇ? ಇದನ್ನು ಒರೆಗೆ ಹಚ್ಚಲು ಬೀದರಿನಿಂದ ಬಲುದೂರ ನಡೆದ ಒಂದು ಘಟನೆ ನೋಡಬೇಕು. ಥೆರಾಕ್-25 ಎಂಬುದು ಕೆನಡಾದ ಸರ್ಕಾರಿ ಕಂಪನಿಯೊಂದು ತಯಾರಿಸಿದ, ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. ಹಳೆಯ ಮಾದರಿಗಳಲ್ಲಿ ಅಪಾಯ ತಡೆಯಲು ಇದ್ದ ಬಿಡಿ ಸುರಕ್ಷತಾ ಸಾಧನಗಳನ್ನು ಇದರಲ್ಲಿ ಕೈಬಿಟ್ಟು, ಆ ಹೊಣೆಯನ್ನು ಸಾಫ್ಟ್‌ವೇರಿಗೆ ವಹಿಸಿದ್ದರು. 1985ರಿಂದ 1987ರೊಳಗೆ ಅಮೆರಿಕ ಮತ್ತು ಕೆನಡಾದಲ್ಲಿ 6 ರೋಗಿಗಳ ಮೇಲೆ ಮಿತಿಮೀರಿದ ವಿಕಿರಣ ಬಿತ್ತು, ಕೆಲವರು ಸತ್ತರು. ಟೆಕ್ಸಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ 1986ರಲ್ಲಿ ಹೀಗಾದಾಗ ಕಂಪನಿಯ ಎಂಜಿನಿಯರುಗಳಿಗೆ ದೋಷ ಸಿಗಲಿಲ್ಲ. ಯಂತ್ರ ಮತ್ತೆ ಶುರುವಾಯಿತು, ಮೂರು ವಾರದಲ್ಲಿ ಇನ್ನೊಬ್ಬ ರೋಗಿಗೂ ಅದೇ ಗತಿಯಾಯಿತು. ಆಗ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್, ಯಂತ್ರ ನಡೆಸುವಾಕೆಯನ್ನು ಜೊತೆಗೆ ಕೂರಿಸಿಕೊಂಡು, ಅವಳು ಒತ್ತಿದ ಕೀಲಿಗಳನ್ನೇ ಮತ್ತೆ ಮತ್ತೆ ಒತ್ತಿಸಿ ದೋಷವನ್ನು ಹಿಡಿದರು. ಒಮ್ಮೆ ಕೊಟ್ಟ ವಿವರವನ್ನು ಬಹಳ ಬೇಗ ತಿದ್ದಿದರೆ ಯಂತ್ರ ತಪ್ಪುತ್ತಿತ್ತು.

ಇಲ್ಲಿ ಯಾರ ಕೆಲಸ ರೋಗಿಗೆ ಹತ್ತಿರದ್ದು? ಸುರಕ್ಷತಾ ಸಾಧನ ಬೇಡವೆಂದು ತೀರ್ಮಾನಿಸಿದವರ ಎದುರು ಯಾವ ರೋಗಿಯೂ ಮಲಗಿರಲಿಲ್ಲ. ಆದರೂ ಅವರ ತೀರ್ಮಾನ ಹಾಸಿಗೆಯವರೆಗೂ ಹೋಯಿತು. ಕಾರ್ಖಾನೆಯಲ್ಲಿ ರೋಗಿ ಇಲ್ಲವೆಂದಲ್ಲ, ಇನ್ನೂ ಬಂದಿಲ್ಲ, ಅಷ್ಟೆ. ಟ್ರ್ಯಾಕ್ಟರಿನ ಬ್ರೇಕು ಜೋಡಿಸುವವರಿಗೂ ಈ ಮಾತು ಸಲ್ಲುತ್ತದೆ.

ಇದರ ಇನ್ನೊಂದು ಮಗ್ಗುಲನ್ನು ಕರ್ನಾಟಕವೇ ಕಂಡಿದೆ. 2020ರಲ್ಲಿ ಕೋವಿಡ್ ಬಂದಾಗ, ರಕ್ಷಣಾ ಪಡೆಗಳಿಗೆ ಎಲೆಕ್ಟ್ರಾನಿಕ್ಸ್ ತಯಾರಿಸುವ ಬೆಂಗಳೂರಿನ ಬಿ.ಇ.ಎಲ್., ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ 30,000 ವೆಂಟಿಲೇಟರ್ ತಯಾರಿಸಲು ಕೈಹಾಕಿತು. ಇದು ಕಾರ್ಖಾನೆಯ ಶಕ್ತಿ. ಆದರೆ ಆಕ್ಸಿಜನ್ ಸೆನ್ಸರ್ ಸವೆದಾಗ ಬದಲಿಸುವವರಿಲ್ಲದಿದ್ದರೆ ವೆಂಟಿಲೇಟರ್ ಮೂಲೆಯ ಡಬ್ಬ. ಕಂಪನಿಯ ಎಂಜಿನಿಯರ್ ಸುಮಾರು 700 ಕಿ.ಮೀ. ದೂರದ ಬೆಂಗಳೂರಿನಿಂದ ಬರುವತನಕ ಬೀದರಿನ ರೋಗಿ ಕಾಯಲಾರ.

ಹಾಗಾದರೆ ಆ ಹುಡುಗಿ ಕೇಳಿಕೊಳ್ಳಬೇಕಾದ್ದು ಯಾವುದು ಪುಣ್ಯ ಎಂದಲ್ಲ. ಯಾವ ಬಗೆಯ ಎಚ್ಚರ ತನ್ನಿಂದ ಸಾಧ್ಯ ಎಂದು. ಪಾಳಿ ಮುಗಿಯುವ ಹೊತ್ತಿಗೆ, ಅದೇ ತಪಾಸಣೆಯನ್ನು ನಾನೂರನೆಯ ಸಲ ಮಾಡುವಾಗ, ಯಾರೂ ನೋಡದಿದ್ದರೂ "ಇದನ್ನು ಪಾಸು ಮಾಡಲಾರೆ" ಎನ್ನುವ ಎಚ್ಚರವೊಂದು. ಡಾಕ್ಟರು ಅವಸರಪಡುತ್ತಿರುವಾಗ, ರೋಗಿಯ ಕಡೆಯವರು ಬಾಗಿಲಲ್ಲಿ ನಿಂತಿರುವಾಗ "ಈ ಯಂತ್ರ ಇವತ್ತು ಬೇಡ" ಎನ್ನುವ ಎಚ್ಚರ ಇನ್ನೊಂದು. ಒಂದಕ್ಕೆ ಬೇಸರವನ್ನು ಗೆಲ್ಲಬೇಕು, ಇನ್ನೊಂದಕ್ಕೆ ಭಯವನ್ನು. ಎರಡೂ ಒಬ್ಬರಲ್ಲೇ ಸಮನಾಗಿರುವುದು ಅಪರೂಪ.

ಪುಣ್ಯ ಎಂಬ ಮಾತಿನಲ್ಲಿ ಇನ್ನೊಂದು ತೊಡಕಿದೆ. ಪುಣ್ಯದ ಕೆಲಸಕ್ಕೆ ಕಡಿಮೆ ಸಂಬಳ ಕೊಟ್ಟರೂ ನಡೆಯುತ್ತದೆ ಎಂದುಕೊಳ್ಳುವವರಿದ್ದಾರೆ. ಅವಳು ಆಸ್ಪತ್ರೆಯನ್ನೇ ಆರಿಸಿಕೊಂಡರೆ ನಾವು ಕೊಡಬೇಕಾದ್ದು ಹೊಗಳಿಕೆಯಲ್ಲ. ಕಾಯಂ ನೌಕರಿ, ಬಿಡಿಭಾಗಗಳಿಗೆ ದುಡ್ಡು, ಮತ್ತು ಅವಳು "ಬೇಡ" ಎಂದಾಗ ಯಂತ್ರವನ್ನು ನಿಲ್ಲಿಸುವ ಅಧಿಕಾರ.