ದಾಸು ಹುಲ್ಲು ತಿಂದದ್ದು

ನಮ್ಮ ಮನೆಯ ದಾಸುವಿಗೆ ಊಟಕ್ಕೆ ಏನೂ ಕಡಿಮೆಯಿಲ್ಲ. ಬೆಳಗ್ಗೆ ಒಂದು ದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನದ ಮೇಲೆ ಬೂತಾಯಿ ಸಾರು, ರಾತ್ರಿ ಉಳಿದದ್ದು. ಆದರೂ ಮಳೆ ಬಿದ್ದು ಕೆಂಪುಕಲ್ಲಿನ ಕಂಪೌಂಡಿನ ಬುಡದಲ್ಲಿ ಗರಿಕೆ ಚಿಗುರಿತೆಂದರೆ ಅವನು ದನದ ಹಾಗೆ ನಿಂತು ಮೇಯುತ್ತಾನೆ. ಗರಿಕೆ ಮಾತ್ರವೇ? ತೆಂಗಿನಕಾಯಿ ಸಿಪ್ಪೆ, ಬಚ್ಚಲೊಲೆಯ ಮಸಿಕೆಂಡ, ಒಮ್ಮೆ ನನ್ನ ಯಜಮಾನರ ಒಂದು ಕಾಲುಚೀಲ. ಇವೆಲ್ಲ ಅವನ ಹಲ್ಲಿನಡಿ ಹೋಗಿವೆ.

ನಮ್ಮ ಶಕ್ತಿನಗರದಲ್ಲಿ ಎನಿಮಲ್ ಕೇರ್ ಟ್ರಸ್ಟಿನವರ ಪ್ರಾಣಿಗಳ ಆಶ್ರಯಧಾಮವಿದೆ. ದಿಕ್ಕಿಲ್ಲದ ನಾಯಿಗಳಿಗೆ ಅಲ್ಲಿ ನೆಲೆ. ದಾಸು ಅಲ್ಲಿಂದ ಬಂದವನಲ್ಲ. ಮೂರು ವರ್ಷದ ಹಿಂದೆ ಒಂದು ಆಟಿಯ ಮಳೆಯಲ್ಲಿ ತಾನಾಗಿ ಗೇಟು ನುಸುಳಿ ಬಂದು, ತಾನಾಗಿ ಉಳಿದುಕೊಂಡವನು.

ಅವನು ಹುಲ್ಲು ತಿನ್ನುವುದನ್ನು ಕಂಡವರೆಲ್ಲ ಒಂದೊಂದು ಕಾರಣ ಹೇಳುತ್ತಾರೆ. ಪಕ್ಕದ ಮನೆಯ ಬಾಯಮ್ಮ, "ಅವನಿಗೆ ಹೊಟ್ಟೆ ಸರಿ ಇಲ್ಲ ಟೀಚರೇ, ಅವನ ಮದ್ದು ಅವನೇ ಹುಡುಕುವುದು" ಎಂದರು. ನಮ್ಮ ಯಜಮಾನರದು ಬೇರೆಯೇ ತೀರ್ಪು. "ಅಶನ ಹೆಚ್ಚಾದದ್ದು. ಎರಡು ದಿನ ಉಪವಾಸ ಹಾಕಿದರೆ ಸರಿಯಾದೀತು" ಎಂದರು. ನಾನು ಮಾತ್ರ ಮೇಷ್ಟ್ರ ಜಾತಿಯವಳಲ್ಲವೇ? ಪುಸ್ತಕ ಹುಡುಕಿದೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಬೆಂಜಮಿನ್ ಹಾರ್ಟ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಜೊತೆಯವರು ಇದನ್ನೇ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ್ದಾರೆ. ಸುಮಾರು 1,500 ನಾಯಿಗಳ ಒಡೆಯರನ್ನು ಕೇಳಿ ನೋಡಿದರೆ, ನೂರರಲ್ಲಿ 68 ನಾಯಿಗಳು ದಿನವೂ ಅಥವಾ ವಾರಕ್ಕೊಮ್ಮೆಯಾದರೂ ಹುಲ್ಲೋ ಸೊಪ್ಪೋ ತಿನ್ನುವಂಥವು. ತಿನ್ನುವ ಮೊದಲು ಆಗಾಗ ಅಸ್ವಸ್ಥವಾಗಿ ಕಂಡವು ನೂರರಲ್ಲಿ 8 ಮಾತ್ರ. ತಿಂದ ಮೇಲೆ ಆಗಾಗ ವಾಂತಿ ಮಾಡಿದವು 22. ಅಂದರೆ ಬಾಯಮ್ಮನ ಮಾತು ಕೆಲವು ನಾಯಿಗಳ ಮಟ್ಟಿಗೆ ಸರಿ, ಹೆಚ್ಚಿನವುಗಳ ಮಟ್ಟಿಗೆ ಅಲ್ಲ. ನಾಯಿಯ ಮೂಲಪುರುಷನಾದ ತೋಳದ ಮಲದಲ್ಲೂ ಹುಲ್ಲು ಸಿಗುತ್ತದೆ. ಜೀರ್ಣವಾಗದ ಹುಲ್ಲಿನ ನಾರು ಕರುಳಿನ ಹುಳಗಳನ್ನು ಸುತ್ತಿಕೊಂಡು ಹೊರಗೆ ತಳ್ಳುತ್ತಿದ್ದಿರಬಹುದು. ಆ ಕಾಲದ ಅಭ್ಯಾಸ ರಕ್ತದಲ್ಲಿ ಉಳಿದಿದೆ ಎಂಬುದು ಅವರ ಊಹೆ. ಆಫ್ರಿಕದ ಚಿಂಪಾಂಜಿಗಳು ಕೆಲವು ದೊರಗು ಎಲೆಗಳನ್ನು ಅಗಿಯದೆ ಇಡಿಯಾಗಿ ನುಂಗಿ ಹುಳ ಹೊರಹಾಕುವುದನ್ನು ಕಣ್ಣಾರೆ ಕಂಡವರಿದ್ದಾರೆ.

ಹುಲಿ ಹಸಿದರೂ ಹುಲ್ಲು ತಿನ್ನದು ಎಂಬ ಗಾದೆಯನ್ನು ನಾನು ಎಷ್ಟು ತರಗತಿಗಳಲ್ಲಿ ವಿಸ್ತರಿಸಿ ಬರೆಸಿದ್ದೇನೋ! ಹುಲಿಯ ಮಲದಲ್ಲೂ ಹುಲ್ಲು ಸಿಗುತ್ತದೆಂದು ಕಾಡಿನಲ್ಲಿ ಅಧ್ಯಯನ ಮಾಡಿದವರು ಬರೆದಿದ್ದಾರೆ. ಹುಲಿಗೆ ಗಾದೆ ಗೊತ್ತಿಲ್ಲ, ಅಷ್ಟೆ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ವಿಜ್ಞಾನದ ಪಾಠವಾಗುತ್ತಿತ್ತು. ಆದರೆ ದಾಸು ಮಸಿಕೆಂಡ ಕಡಿಯುವ ಕುರುಂ ಕುರುಂ ಸದ್ದು ಕೇಳಿದಾಗಲೆಲ್ಲ ನನಗೊಬ್ಬಳು ಹುಡುಗಿಯ ನೆನಪಾಗುತ್ತದೆ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

1997ರ ಮಾತು. ನಾನು ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಎಂಟನೆಯ ತರಗತಿಯ ಮೇಜಿನ ಮೇಲಿಟ್ಟ ಸೀಮೆಸುಣ್ಣ ದಿನವೂ ಮಾಯವಾಗುತ್ತಿತ್ತು. ಪೆಟ್ಟಿಗೆಯ ಲೆಕ್ಕ ನನ್ನ ಹೆಸರಿನಲ್ಲಿತ್ತು. "ಟೀಚರ್, ನೀವು ಸುಣ್ಣ ಬರೆಯಲಿಕ್ಕೆ ತೆಗೆದುಕೊಳ್ಳುತ್ತೀರೋ ಮನೆಗೆ ಬಳಿಯಲಿಕ್ಕೋ?" ಎಂದು ಮುಖ್ಯೋಪಾಧ್ಯಾಯರು ನಗುತ್ತಲೇ ಕೇಳಿದ್ದರು. ಆ ನಗು ನನಗೆ ಚುಚ್ಚಿತ್ತು. ಕೊನೆಗೆ ಮಕ್ಕಳೇ ದೂರು ತಂದರು. ಹಿಂದಿನ ಬೆಂಚಿನ ಒಬ್ಬಳು ಸಣಕಲು ಹುಡುಗಿ. ಅವಳ ಚೀಲ ಕೊಡವಿದೆ, ತುಂಡುಗಳು ಬಿದ್ದವು. "ಯಾಕೆ ಕದ್ದೆ?" ಎಂದರೆ ಮಾತಿಲ್ಲ. ತಿನ್ನುತ್ತೇನೆ ಎಂದು ಹೇಳಲು ಅವಳಿಗೆ ನಾಚಿಕೆ. ಕದ್ದೆ ಎಂದು ಒಪ್ಪಿಕೊಳ್ಳುವುದೇ ಅವಳಿಗೆ ಸುಲಭವಾಗಿ ಕಂಡಿತು. ನಾನು ಕೈಗೆ ನಾಲ್ಕು ಪೆಟ್ಟು ಕೊಟ್ಟು, ಮರುದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಲ್ಲಿಸಿದೆ.

ಎರಡು ತಿಂಗಳ ಮೇಲೆ ಶಾಲೆಗೆ ಆರೋಗ್ಯ ತಪಾಸಣೆಗೆ ಡಾಕ್ಟರು ಬಂದರು. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಬಾಯಿ ತೆರೆ ಮಗಾ" ಎಂದರು. ನನ್ನನ್ನು ಹತ್ತಿರ ಕರೆದು ತೋರಿಸಿದರು. ನಾಲಗೆ ಸೀಮೆಸುಣ್ಣದಷ್ಟೇ ಬಿಳಿ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏಳು ಎಂದು ಬಂತು. ಆ ಪ್ರಾಯದಲ್ಲಿ ಹನ್ನೆರಡಾದರೂ ಇರಬೇಕು. "ಇವಳು ಮಣ್ಣೋ ಸುಣ್ಣವೋ ತಿನ್ನುತ್ತಾಳೆಯೇ?" ಎಂದು ಡಾಕ್ಟರು ಕೇಳಿದಾಗ ನನ್ನ ಬಾಯಿಯೇ ಕಟ್ಟಿಹೋಯಿತು. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದವರಲ್ಲಿ ಕೆಲವರಿಗೆ ಮಣ್ಣು, ಸುಣ್ಣ, ಅಕ್ಕಿ, ಮಂಜುಗಡ್ಡೆಗಳ ಮೇಲೆ ತಡೆಯಲಾಗದ ಚಪಲ ಹುಟ್ಟುತ್ತದೆ. ವೈದ್ಯರು ಅದಕ್ಕೆ ಪೈಕಾ ಎನ್ನುತ್ತಾರೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಎಷ್ಟೋ ಜನರಲ್ಲಿ ಚಪಲ ತಾನಾಗಿ ನಿಲ್ಲುತ್ತದೆ. ಬೆತ್ತದಿಂದ ನಿಲ್ಲುವಂಥದ್ದಲ್ಲ. ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಹುಡುಗಿ ಶಾಲೆಗೆ ಬರಲಿಲ್ಲ. ಅವಳ ಮನೆಯವರು ಊರು ಬಿಟ್ಟಿದ್ದರು.

ಇನ್ನೂ ಒಂದು ಮಾತಿದೆ. 1999ರಲ್ಲಿ ನಾನು ಬಸುರಿಯಾಗಿದ್ದಾಗ ಹೊಸ ಮಡಕೆಗೆ ನೀರು ಬಿದ್ದರೆ ಬರುವ ವಾಸನೆಗೆ ಪ್ರಾಣ ಬಿಡುತ್ತಿದ್ದೆ. ಒಡೆದ ಮಡಕೆಯ ಚೂರನ್ನು ಕದ್ದು ಕದ್ದು ನೆಕ್ಕುತ್ತಿದ್ದೆ. ಅತ್ತೆ ಕಂಡರು. ನಕ್ಕು, "ಬಯಕೆ ಅದು, ಇರಲಿ. ಹೆಚ್ಚು ಮಾತ್ರ ಬೇಡ ಮಗಳೇ" ಎಂದರು. ಯಾರೂ ನನ್ನನ್ನು ನಾಲ್ಕು ಜನರೆದುರು ನಿಲ್ಲಿಸಲಿಲ್ಲ.

ಆಲೋಚಿಸಿ ನೋಡಿ. ತಿನ್ನಬಾರದ್ದನ್ನು ನಾಯಿ ತಿಂದರೆ ನಮಗದು ಕೊಬ್ಬು. ಬಸುರಿ ತಿಂದರೆ ಬಯಕೆ. ಬಡ ಹುಡುಗಿ ತಿಂದರೆ ಕಳ್ಳತನ. ಬಾಲಕೃಷ್ಣ ಮಣ್ಣು ತಿಂದರೆ ಲೀಲೆ. ಬಾಯಿಗೆ ಹೋದದ್ದು ಹೆಚ್ಚುಕಡಿಮೆ ಒಂದೇ. ಹೆಸರು ಮಾತ್ರ ತಿಂದವರ ಸ್ಥಾನಮಾನ ನೋಡಿ ಬರುತ್ತದೆ. ಹೆಸರಿಟ್ಟ ಮೇಲೆ ನಾವು ಕಣ್ಣು ಮುಚ್ಚುತ್ತೇವೆ. ಕಳ್ಳಿ ಎಂದ ಮೇಲೆ ಅವಳ ನಾಲಗೆಯ ಬಣ್ಣ ನನಗೇಕೆ ಬೇಕಿತ್ತು? ಭಾಗವತದ ಯಶೋದೆಯ ಬಳಿಗೂ ಜೊತೆಯ ಹುಡುಗರೇ ದೂರು ತಂದದ್ದು. ಅವಳು ಬಂದದ್ದೂ ಗದರಿಸಲೆಂದೇ. ಆದರೆ ಅವಳು ಬಾಯಿ ತೆರೆಸಿ ನೋಡಿದಳು. ನಾನು ಚೀಲ ಕೊಡವಿ ನೋಡಿದೆ. ಯಾಕೆಂದರೆ ನನಗೆ ಬೇಕಾದದ್ದು ಹುಡುಗಿಯಲ್ಲ, ಲೆಕ್ಕ ತಪ್ಪಿದ ಸುಣ್ಣ.

ಹಾಗಾದರೆ ಎಲ್ಲದಕ್ಕೂ ಒಂದು ಕಾರಣ ಹುಡುಕಿ ಕ್ಷಮಿಸಿಬಿಡಬೇಕೇ ಎಂದು ನೀವು ಕೇಳಬಹುದು. ಹಾಗೂ ಅಲ್ಲ. ಕಣಗಿಲೆ ಎಲೆ ತಿಂದರೆ ನಾಯಿಗೆ ವಿಷ. ದ್ರಾಕ್ಷಿಯೂ ಈರುಳ್ಳಿಯೂ ಆಗದು. ಪ್ಲಾಸ್ಟಿಕ್ ಕರುಳಿಗೆ ಸಿಕ್ಕಿದರೆ ಜೀವಕ್ಕೇ ಸಂಚಕಾರ. ಅಂಥದ್ದನ್ನು ಬಾಯಿಯಿಂದ ಕಸಿದುಕೊಳ್ಳಲೇಬೇಕು. ಮಕ್ಕಳಲ್ಲಿ ನಿಜವಾಗಿ ಕದಿಯುವವರೂ ಇರುತ್ತಾರೆ. ಸುಮಾರು ಮೂವತ್ತು ವರ್ಷ ತರಗತಿಯಲ್ಲಿ ನಿಂತವಳಿಗೆ ಇದು ಗೊತ್ತಿಲ್ಲದ್ದಲ್ಲ. ಅಷ್ಟೇ ಅಲ್ಲ, ಕನಿಕರವೂ ಒಮ್ಮೊಮ್ಮೆ ಕುರುಡಾಗುತ್ತದೆ. ಹುಲ್ಲು ಕಚ್ಚಿದ ನಾಯಿಗೆಲ್ಲ ಕಾಯಿಲೆ ಎಂದು ಔಷಧಿ ಕುಡಿಸುವುದೂ ನೋಡದೆ ಕೊಟ್ಟ ತೀರ್ಪೇ. ನೂರರಲ್ಲಿ ಹೆಚ್ಚಿನವು ಸುಮ್ಮನೆ ತಿನ್ನುತ್ತವೆ. ಅವಕ್ಕೆ ನಮ್ಮ ಶಿಕ್ಷೆಯೂ ಬೇಡ, ಮದ್ದೂ ಬೇಡ. ಯಾವುದು ಯಾವಾಗ ಬೇಕು ಎಂಬುದು ಹತ್ತಿರ ಹೋಗಿ ನೋಡಿದರೆ ಮಾತ್ರ ತಿಳಿಯುತ್ತದೆ. ಹೋಗಿ ನೋಡಲು ಹೊತ್ತು ಬೇಕು. ನಮ್ಮಲ್ಲಿ ಇಲ್ಲದಿರುವುದೂ ಅದೇ.

2015ರಲ್ಲಿ ದೇಶದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಆರಂಭವಾಯಿತು. ಶಾಲೆಯಲ್ಲಿ ಮಕ್ಕಳ ಕೈಗೆ ಅಲ್ಬೆಂಡಜೋಲ್ ಮಾತ್ರೆ ಕೊಟ್ಟು, ನುಂಗಿದರೋ ಎಂದು ಬಾಯಿ ತೆರೆಸಿ ನೋಡುವುದು ನಮ್ಮ ಕೆಲಸ. ನಾನು ಮಾತ್ರೆ ಹೋಯಿತೇ ಎಂದು ನೋಡುವುದರ ಜೊತೆಗೆ ನಾಲಗೆಯ ಬಣ್ಣವನ್ನೂ ನೋಡುತ್ತೇನೆ. ಸಹೋದ್ಯೋಗಿಗಳು, "ಟೀಚರ್‌ಗೆ ಡಾಕ್ಟರಾಗುವ ಆಸೆ ಇತ್ತು ಕಾಣುತ್ತದೆ" ಎಂದು ತಮಾಷೆ ಮಾಡುತ್ತಾರೆ. ಮಾಡಲಿ. ಆ ಹುಡುಗಿ ಈಗ ನಲವತ್ತು ದಾಟಿದ ಹೆಂಗಸಾಗಿರಬೇಕು. ಎಲ್ಲಾದರೂ ಎದುರಾದರೆ ಹೇಳಬೇಕಾದ ಮಾತೊಂದು ನನ್ನಲ್ಲಿ ಹಾಗೆಯೇ ಉಳಿದಿದೆ. ನಂತೂರಿನಲ್ಲಿ ಬಸ್ಸು ನಿಂತಾಗ ಆ ಪ್ರಾಯದ ಹೆಂಗಸರು ಹತ್ತಿದರೆ ಈಗಲೂ ಒಮ್ಮೆ ಮುಖ ನೋಡುತ್ತೇನೆ.

ಇವತ್ತು ಬೆಳಗ್ಗೆಯೂ ದಾಸು ಗರಿಕೆ ಮೇಯುತ್ತಿದ್ದ. ಒಗೆಯುವ ಬಟ್ಟೆ ಬದಿಗಿಟ್ಟು ಹೋಗಿ ನೋಡಿದೆ. ಹೊಟ್ಟೆ ಉಬ್ಬಿಲ್ಲ, ಮೂಗು ತಣ್ಣಗಿದೆ, ಬಾಲ ಅಲ್ಲಾಡುತ್ತಿದೆ. ವಾಂತಿಯೂ ಮಾಡಲಿಲ್ಲ. ಎರಡು ಎಸಳು ಹೆಚ್ಚೇ ತಿಂದು, ಮಾವಿನ ಮರದ ನೆರಳಿಗೆ ಹೋಗಿ ಮಲಗಿದ. ನಾನೂ ನನ್ನ ಬಟ್ಟೆಯ ಕೆಲಸಕ್ಕೆ ಬಂದೆ.